ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮಾಯುವ ಗಾಯ, ಉಳಿಯುವ ಕಲೆ

ಕಾಫಿ ಕುಯ್ಲು ಹತ್ತಿರವಾಗುತ್ತಿರುವ ಈ ದಿನಗಳಲ್ಲಿ ಕೊಡಗಿನ ಬೇರೆ ಬೇರೆ ಊರುಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗಾಯಕ್ಕೆ ಸಂಬಂಧಿಸಿದವು. ಕೆಲವರು ಕತ್ತಿಯ ಗಾಯದ ಬಗ್ಗೆ ಕೇಳಿದ್ದಾರೆ. ಕೆಲವರು ಶ್ವಾಸಕೋಶ, ಯಕೃತ್ತುಗಳು ಗಟ್ಟಿಯಾಗುವ ಕಾಯಿಲೆಗಳ ಬಗ್ಗೆ ಕೇಳಿದ್ದಾರೆ. ಮೇಲ್ನೋಟಕ್ಕೆ ಬೇರೆಯಾಗಿ ಕಾಣುವ ಈ ಪ್ರಶ್ನೆಗಳ ಹಿಂದೆ ಇರುವುದು ದೇಹದ ಒಂದೇ ಕೆಲಸವಾದ್ದರಿಂದ ಅವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮರಗಸಿ ಮಾಡುವಾಗ ಕತ್ತಿ ತಾಗಿ ಮುಂಗೈಗೆ ಆದ ಗಾಯ ಮಾಯ್ದು ಎರಡು ವರ್ಷವಾಯಿತು. ಹೊಲಿಗೆ ಹಾಕಿಸಿದ್ದೆ. ಆದರೂ ಬಿಳಿಯ ಕಲೆ ಉಳಿದಿದೆ, ಅಲ್ಲಿ ರೋಮ ಹುಟ್ಟುವುದಿಲ್ಲ, ಬೆವರೂ ಬರುವುದಿಲ್ಲ. ಗದ್ದೆಯ ಏಡಿಗೆ ಕಾಲು ಮುರಿದರೆ ಮತ್ತೆ ಬರುತ್ತದೆ, ಹಲ್ಲಿಗೆ ಬಾಲ ಬೆಳೆಯುತ್ತದೆ. ಮನುಷ್ಯನ ಚರ್ಮಕ್ಕೆ ಅಷ್ಟೂ ಏಕೆ ಸಾಧ್ಯವಾಗುವುದಿಲ್ಲ?
(ಬೆಳೆಗಾರರೊಬ್ಬರು, ನಾಪೋಕ್ಲು)

ಉತ್ತರ: ನೀವು ಕೇಳಿರುವುದನ್ನೇ ಈ ಕ್ಷೇತ್ರದ ವಿಜ್ಞಾನಿಗಳು ಇಂದಿಗೂ ಕೇಳಿಕೊಳ್ಳುತ್ತಿದ್ದಾರೆ. ಮೊದಲು ನಿಮ್ಮ ಮುಂಗೈಯಲ್ಲಿ ಏನು ನಡೆಯಿತೆಂಬುದನ್ನು ನೋಡೋಣ. ಕತ್ತಿ ತಾಗಿದ ಕೆಲವೇ ನಿಮಿಷಗಳಲ್ಲಿ ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡವು, ಫೈಬ್ರಿನ್ ಎಂಬ ಪ್ರೋಟೀನು ಅವುಗಳ ಸುತ್ತ ಬಲೆ ಹೆಣೆಯಿತು, ರಕ್ತ ಹೆಪ್ಪುಗಟ್ಟಿತು. ನಂತರದ ಕೆಲವು ದಿನ ಗಾಯ ಕೆಂಪಾಗಿ ಊದಿಕೊಂಡಿದ್ದಾಗ ಅಲ್ಲಿಗೆ ಬಂದ ಬಿಳಿ ರಕ್ತಕಣಗಳು ರೋಗಾಣುಗಳನ್ನೂ ಸತ್ತ ಜೀವಕೋಶಗಳನ್ನೂ ತೆರವುಗೊಳಿಸುತ್ತಿದ್ದವು. ಅವುಗಳಲ್ಲಿ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳು ಮುಖ್ಯವಾದವು, ಏಕೆಂದರೆ ಮೊದಲು ಉರಿಯೂತವನ್ನು ನಡೆಸುವುದೂ ಅವೇ, ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸಿ ದುರಸ್ತಿಗೆ ಆದೇಶ ಕೊಡುವುದೂ ಅವೇ. ಆಮೇಲೆ ಹೊಸ ರಕ್ತನಾಳಗಳು ಚಿಗುರಿದವು, ಫೈಬ್ರೊಬ್ಲಾಸ್ಟ್‌ಗಳೆಂಬ ಜೀವಕೋಶಗಳು ಬಂದು ಕೊಲಾಜನ್ ಎಂಬ ನಾರನ್ನು ಸುರಿದವು. ಅವುಗಳಲ್ಲಿ ಕೆಲವು ಸ್ನಾಯುವಿನಂತೆ ಸಂಕುಚಿಸುವ ಶಕ್ತಿ ಪಡೆದು ಗಾಯದ ಅಂಚುಗಳನ್ನು ಒಳಕ್ಕೆ ಎಳೆದವು. ಮಯೊಫೈಬ್ರೊಬ್ಲಾಸ್ಟ್ ಎಂದು ಕರೆಯಲಾಗುವ ಈ ಎಳೆಯುವ ಜೀವಕೋಶಗಳನ್ನು 1971ರಲ್ಲಿ ಜೂಲಿಯೊ ಗಬ್ಬಿಯಾನಿ ಮತ್ತು ಅವರ ಸಹೋದ್ಯೋಗಿಗಳು ಗುರುತಿಸಿದರು. ಈ ಅಂಕಣದಲ್ಲಿ ಮುಂದೆ ಇವು ಮತ್ತೆ ಕಾಣಿಸಿಕೊಳ್ಳುತ್ತವೆ.

ಆಷಾಢದ ಮಳೆಯಲ್ಲಿ ಗದ್ದೆಯ ಏರಿ ಒಡೆದಾಗ ನೀವು ಮೊದಲಿನಂತೆ ಅಂದವಾಗಿ ಕಟ್ಟುವುದಕ್ಕೆ ಕಾಯುವುದಿಲ್ಲ. ಕೈಗೆ ಸಿಕ್ಕಿದ ಮಣ್ಣು, ಸೊಪ್ಪು, ಕಲ್ಲು ತುಂಬಿ ನೀರು ನಿಲ್ಲಿಸುತ್ತೀರಿ. ದೇಹವೂ ಹಾಗೆಯೇ ಮಾಡುತ್ತದೆ. ಆರೋಗ್ಯವಂತ ಚರ್ಮದಲ್ಲಿ ಕೊಲಾಜನ್ ನಾರುಗಳು ನಾನಾ ದಿಕ್ಕಿಗೆ ಹೆಣೆದುಕೊಂಡಿರುತ್ತವೆ, ಕಲೆಯಲ್ಲಿ ಅವು ಒಂದೇ ದಿಕ್ಕಿಗೆ ಸಾಲಾಗಿ ಒತ್ತೊತ್ತಾಗಿ ಕೂರುತ್ತವೆ. ರೋಮದ ಬುಡವಾಗಲಿ ಬೆವರಿನ ಗ್ರಂಥಿಯಾಗಲಿ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಕಲೆಯ ಬಲವೂ ಕಡಿಮೆಯೇ: ಮೂರು ವಾರದ ಗಾಯಕ್ಕೆ ಮೂಲ ಚರ್ಮದ ಸುಮಾರು 20 ಶೇಕಡಾ ಬಲವಿರುತ್ತದೆ, ತಿಂಗಳುಗಳು ಕಳೆದ ಮೇಲೂ ಅದು 80 ಶೇಕಡಾ ದಾಟುವುದು ವಿರಳ. ಹೊಲಿಗೆ ಬಿಚ್ಚಿದ ಮರುವಾರವೇ ಭಾರದ ಮೂಟೆ ಹೊರಬೇಡಿರೆಂದು ವೈದ್ಯರು ಹೇಳುವುದಕ್ಕೆ ಕಾರಣ ಇದು.

ಎಲ್ಲ ಗಾಯವೂ ಕಲೆಯಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸ್ವಯಂಸೇವಕರ ಸೊಂಟದ ಪಕ್ಕದ ಚರ್ಮದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಆಳ ಹೆಚ್ಚುತ್ತ ಹೋಗುವ ಗೀರು ಎಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚರ್ಮದ ದಪ್ಪದ ಮೂರನೆಯ ಒಂದು ಪಾಲಿಗಿಂತ ಮೇಲೆಯೇ ನಿಂತ ಗೀರು ಕಲೆಯಿಲ್ಲದೆ ಮಾಯಿತು, ಅದಕ್ಕಿಂತ ಆಳಕ್ಕೆ ಇಳಿದದ್ದು ಕಲೆಯಾಯಿತು. ಆ ಗಡಿ ಸುಮಾರು 0.56 ಮಿಲಿಮೀಟರ್. ಕಾಫಿ ಗಿಡದ ರೆಕ್ಕೆ (ಕೊಂಬೆ) ತರಚಿದ್ದು ಗುರುತಿಲ್ಲದೆ ಹೋಗುವುದಕ್ಕೂ ಕತ್ತಿಯ ಗಾಯ ಉಳಿಯುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ ಆಳದ್ದು.

ಇನ್ನು ಏಡಿಯ ವಿಷಯ. ಏಡಿಯ ಕಾಲಿನ ಬುಡದಲ್ಲಿ ಮುರಿಯುವುದಕ್ಕೆಂದೇ ಇರುವ ಒಂದು ಗೆರೆ ಇದೆ. ಕಾಲು ಅಲ್ಲಿಯೇ ಕಳಚುತ್ತದೆ, ಆ ಬಾಯಿ ತಕ್ಷಣ ಮುಚ್ಚಿಕೊಳ್ಳುತ್ತದೆ, ಒಳಗೆ ಮಡಚಿಕೊಂಡು ಬೆಳೆದ ಹೊಸ ಕಾಲು ಚಿಪ್ಪು ಕಳಚುವ ಹೊತ್ತಿನಲ್ಲಿ ಬಿಡಿಸಿಕೊಳ್ಳುತ್ತದೆ. ಮೊದಲು ಚಿಕ್ಕದಾಗಿದ್ದು, ಮುಂದಿನ ಪೊರೆಗಳಚುವಿಕೆಗಳಲ್ಲಿ ದೊಡ್ಡದಾಗುತ್ತದೆ. ಹಲ್ಲಿಯ ಬಾಲವಾದರೋ ಅಷ್ಟು ಪರಿಪೂರ್ಣವಲ್ಲ: ಹೊಸ ಬಾಲದೊಳಗೆ ಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಇರುತ್ತದೆ. ನಿಜವಾದ ಪರಿಪೂರ್ಣತೆ ಮೆಕ್ಸಿಕೊದ ಆಕ್ಸೊಲಾಟ್ಲ್ ಎಂಬ ಸಲಮಾಂಡರಿನದು. ಅದು ಮೂಳೆ, ಸ್ನಾಯು, ನರ ಎಲ್ಲವೂ ಇರುವ ಪೂರ್ತಿ ಕಾಲನ್ನು ಮತ್ತೆ ಬೆಳೆಸುತ್ತದೆ. 2013ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆಕ್ಸೊಲಾಟ್ಲ್‌ನ ಮ್ಯಾಕ್ರೊಫೇಜ್‌ಗಳನ್ನು ಔಷಧದಿಂದ ತೆಗೆದುಹಾಕಿ ಕಾಲು ಕತ್ತರಿಸಿದಾಗ ಕಾಲು ಬೆಳೆಯಲಿಲ್ಲ, ಮೊಂಡಾದ ತುದಿಯಲ್ಲಿ ನಮ್ಮಂತೆಯೇ ಕಲೆಗಟ್ಟಿತು. ಮ್ಯಾಕ್ರೊಫೇಜ್‌ಗಳು ಮರಳಿ ಬಂದ ಮೇಲೆ ಅದೇ ಕಾಲನ್ನು ಮತ್ತೆ ಕತ್ತರಿಸಿದರೆ ಸರಿಯಾಗಿ ಬೆಳೆಯಿತು. ಪುನರುತ್ಪತ್ತಿಯ ಶಕ್ತಿಯುಳ್ಳ ಪ್ರಾಣಿಯಲ್ಲಿಯೂ ಕಲೆಯ ದಾರಿ ತೆರೆದೇ ಇದೆ. ಯಾವ ದಾರಿ ಹಿಡಿಯಬೇಕೆಂಬುದು ಆರಂಭದ ದಿನಗಳಲ್ಲಿ ತೀರ್ಮಾನವಾಗುತ್ತದೆ ಎಂಬುದನ್ನು ಈ ಪ್ರಯೋಗ ತೋರಿಸಿತು. ನನ್ನ ಮಟ್ಟಿಗೆ ಇದು ಈ ಕ್ಷೇತ್ರದ ಅತ್ಯಂತ ಮುಖ್ಯವಾದ ಪಾಠಗಳಲ್ಲಿ ಒಂದು.

ಸಸ್ತನಿಗಳಿಗೆ ಈ ದಾರಿ ಪೂರ್ತಿ ಮುಚ್ಚಿದೆಯೇ ಎಂದರೆ, ಇಲ್ಲ. ಆರು ತಿಂಗಳು ತುಂಬುವುದಕ್ಕೆ ಮುಂಚಿನ ಮನುಷ್ಯ ಭ್ರೂಣದ ಚರ್ಮ ಕಲೆಯಿಲ್ಲದೆ ಮಾಯುತ್ತದೆ. ಬಾಯಿಯೊಳಗಿನ ಗಾಯ ಹೊರಚರ್ಮಕ್ಕಿಂತ ಬೇಗ, ಕಡಿಮೆ ಕಲೆಯೊಂದಿಗೆ ಮಾಯುವುದನ್ನು ನಾಲಗೆ ಕಚ್ಚಿಕೊಂಡವರೆಲ್ಲ ನೋಡಿದ್ದಾರೆ. ಬಾಗಿಲಿಗೆ ಸಿಕ್ಕಿ ಬೆರಳ ತುದಿ ಕಳೆದುಕೊಂಡ ಮಕ್ಕಳಲ್ಲಿ, ಗಾಯವನ್ನು ಚರ್ಮದಿಂದ ಮುಚ್ಚಿ ಹೊಲಿಯದೆ ಶುಚಿಯಾಗಿ ಕಟ್ಟಿಟ್ಟರೆ ಉಗುರೂ ಸೇರಿದಂತೆ ತುದಿ ಮತ್ತೆ ಬೆಳೆಯುತ್ತದೆಂದು ಇಂಗ್ಲೆಂಡಿನ ಶೆಫೀಲ್ಡ್‌ನ ವೈದ್ಯೆ ಸಿಂಥಿಯಾ ಇಲಿಂಗ್‌ವರ್ತ್ 1974ರಲ್ಲಿ ವರದಿ ಮಾಡಿದರು. ತುಂಡಾದದ್ದು ಕೊನೆಯ ಗೆಣ್ಣಿನಿಂದ ಆಚೆಗಾಗಿರಬೇಕು ಎಂಬುದು ಅದರ ಕಟ್ಟುಪಾಡು. ಆಫ್ರಿಕಾದ ಮುಳ್ಳಿಲಿ ಶತ್ರುವಿನ ಬಾಯಿಂದ ತಪ್ಪಿಸಿಕೊಳ್ಳಲು ಬೆನ್ನಿನ ಚರ್ಮವನ್ನೇ ಕಳಚಿಕೊಟ್ಟು ಓಡುತ್ತದೆ, ಆಮೇಲೆ ರೋಮಸಹಿತ ಹೊಸ ಚರ್ಮ ಬೆಳೆಸಿಕೊಳ್ಳುತ್ತದೆ ಎಂಬುದನ್ನು 2012ರಲ್ಲಿ ಆಶ್ಲಿ ಸೀಫರ್ಟ್ ಮತ್ತು ಸಂಗಡಿಗರು ತೋರಿಸಿದರು.

2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂದ ಸುದ್ದಿ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದುದು. ಮೈಕೇಲ್ ಲಾಂಗೇಕರ್ ಅವರ ತಂಡ ಇಲಿಯ ಬೆನ್ನಿನ ಚರ್ಮದಲ್ಲಿ ಕಲೆಯನ್ನು ಉಂಟುಮಾಡುವ ಒಂದು ನಿರ್ದಿಷ್ಟ ಬಗೆಯ ಫೈಬ್ರೊಬ್ಲಾಸ್ಟ್‌ಗಳನ್ನು ಮೊದಲೇ ಗುರುತಿಸಿತ್ತು. ಗಾಯದ ಅಂಚು ಬಿಗಿಯಾಗಿ ಎಳೆಯಲ್ಪಟ್ಟಾಗ ಬೇರೆ ಫೈಬ್ರೊಬ್ಲಾಸ್ಟ್‌ಗಳೂ ಆ ಬಗೆಗೆ ತಿರುಗುತ್ತವೆ ಎಂಬುದು ಅವರಿಗೆ ತಿಳಿಯಿತು. ಆ ಎಳೆತದ ಸಂಕೇತವನ್ನು, ಕಣ್ಣಿನ ಕಾಯಿಲೆಗೆ ಬಳಕೆಯಲ್ಲಿದ್ದ ವರ್ಟೆಪೋರ್ಫಿನ್ ಎಂಬ ಔಷಧದಿಂದ ತಡೆದಾಗ ಇಲಿಯ ಗಾಯ ರೋಮವೂ ಗ್ರಂಥಿಯೂ ಇರುವ, ಮೊದಲಿನಷ್ಟೇ ಬಲವಾದ ಚರ್ಮವಾಗಿ ಮಾಯಿತು. ಇದು ನಿಜವಾಗಿಯೂ ಹರ್ಷ ತರುವ ಫಲಿತಾಂಶ. ಆದರೆ ಇಲಿಯ ಚರ್ಮ ಸಡಿಲವಾದುದು, ನಮ್ಮದು ಬಿಗಿಯಾದುದು. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತ ಉದಾಹರಣೆಗಳು ಈ ಕ್ಷೇತ್ರದಲ್ಲಿ ಸಾಕಷ್ಟಿವೆ. ಭ್ರೂಣದ ಗಾಯವನ್ನು ಅಭ್ಯಸಿಸಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ, ಕಲೆ ತಗ್ಗಿಸುವುದೆಂದು ಬಹಳ ನಿರೀಕ್ಷೆ ಹುಟ್ಟಿಸಿದ್ದ ಅವೊಟರ್ಮಿನ್ ಎಂಬ ಚುಚ್ಚುಮದ್ದು ಮೊದಲ ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಕೊಟ್ಟು, 2011ರಲ್ಲಿ ಅಂತಿಮ ಹಂತದ ದೊಡ್ಡ ಪರೀಕ್ಷೆಯಲ್ಲಿ ವಿಫಲವಾಯಿತು.

ನಿಮ್ಮ ಎರಡು ವರ್ಷದ ಬಿಳಿಯ ಕಲೆ ಪಕ್ವವಾಗಿದೆ, ಅದಕ್ಕೆ ಯಾವ ಮುಲಾಮೂ ಬೇಡ. ಹೊಸ ಕಲೆ ಕೆಂಪಾಗಿ ಉಬ್ಬುತ್ತಿದ್ದರೆ ಮೊದಲ ತಿಂಗಳುಗಳಲ್ಲಿ ಸಿಲಿಕೋನ್ ಹಾಳೆ ಅಥವಾ ಜೆಲ್ ಸ್ವಲ್ಪ ಸಹಾಯ ಮಾಡಬಹುದು. ಕಲೆ ಗಾಯದ ಗಡಿಯನ್ನೇ ದಾಟಿ ಸುತ್ತಲ ಚರ್ಮಕ್ಕೆ ಬೆಳೆಯುತ್ತ ಹೋದರೆ ಅದು ಕೀಲಾಯ್ಡ್. ಅದನ್ನು ಕತ್ತರಿಸಿ ತೆಗೆದರೆ ಸಾಕೆಂದುಕೊಳ್ಳಬಾರದು. ಬರಿದೆ ಕತ್ತರಿಸಿದರೆ ಮೊದಲಿಗಿಂತ ದೊಡ್ಡದಾಗಿ ಮರಳುವುದುಂಟು. ಚರ್ಮವೈದ್ಯರು ಅದರೊಳಕ್ಕೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ.

ಪ್ರಶ್ನೆ: ತೋಟದಲ್ಲಿ ಇಂಬಳ ಕಚ್ಚಿದರೆ ಗಂಟೆಗಟ್ಟಲೆ ರಕ್ತ ನಿಲ್ಲುವುದಿಲ್ಲ. ಅಷ್ಟು ಚಿಕ್ಕ ಗಾಯ ಏಕೆ ಮುಚ್ಚುವುದಿಲ್ಲ?
(ವಿದ್ಯಾರ್ಥಿನಿ, ಭಾಗಮಂಡಲ)

ಉತ್ತರ: ಗಾಯ ಮಾಯುವುದರ ಮೊದಲ ಮೆಟ್ಟಿಲನ್ನೇ ಇಂಬಳ ತಡೆಯುತ್ತದೆ. ಜಿಗಣೆಯ ಬಾಯಿಯ ಸ್ರಾವದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆಯೆಂದು 1884ರಲ್ಲಿ ಜಾನ್ ಹೇಕ್ರಾಫ್ಟ್ ಕಂಡುಹಿಡಿದರು. ನೀರಿನ ಜಿಗಣೆಯಲ್ಲಿ ಅದು ಹಿರುಡಿನ್, ಭಾರತದ ನೆಲಜಿಗಣೆಯಲ್ಲಿ ಹೀಮಾಡಿನ್. ಎರಡೂ ಫೈಬ್ರಿನ್ ಬಲೆ ಹೆಣೆಸುವ ತ್ರಾಂಬಿನ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಆ ವಸ್ತು ತೊಳೆದುಹೋಗುವವರೆಗೆ ರಕ್ತ ಜಿನುಗುತ್ತದೆ. ಸೋಪು ನೀರಿನಿಂದ ತೊಳೆದು ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಆಮೇಲೆ ವಾರಗಟ್ಟಲೆ ಬರುವ ತುರಿಕೆಗೆ ಕೆರೆಯುವುದೇ ಹೊಸ ಗಾಯವಾಗುತ್ತದೆ, ಅದನ್ನು ತಡೆದುಕೊಳ್ಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಮಳೆಗಾಲದಲ್ಲಿ ತೋಟಕ್ಕೆ ಇಳಿಯುವಾಗ ಗಂಬೂಟು, ಉದ್ದ ಕಾಲುಚೀಲ ಧರಿಸುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಲೈನಿನ ಕೆಲಸಗಾರರು ಗಾಯಕ್ಕೆ ಅರಿಶಿನ, ಕಾಫಿ ಪುಡಿ, ಕಮ್ಯುನಿಸ್ಟ್ ಗಿಡದ ಸೊಪ್ಪಿನ ರಸ ಹಾಕುತ್ತಾರೆ. ಕಟ್ಟು ಕಟ್ಟದೆ ಗಾಳಿಗೆ ಬಿಟ್ಟರೆ ಬೇಗ ಒಣಗುತ್ತದೆಂದೂ ಹೇಳುತ್ತಾರೆ. ಯಾವುದು ಸರಿ?
(ತೋಟದ ಮೇಲ್ವಿಚಾರಕರು, ಸುಂಟಿಕೊಪ್ಪ)

ಉತ್ತರ: ಕೊನೆಯ ಮಾತಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸ್ಪಷ್ಟವಾಗಿದೆ. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಚರ್ಮದಲ್ಲಿ ಒಂದೇ ಅಳತೆಯ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು ಕೆಲವನ್ನು ತೆಳುವಾದ ಪಾಲಿಥಿನ್ ಹಾಳೆಯಿಂದ ಮುಚ್ಚಿದರು. ತೇವ ಉಳಿದ ಗಾಯಗಳ ಮೇಲೆ ಹೊಸ ಹೊರಪದರ ಸುಮಾರು ಎರಡರಷ್ಟು ವೇಗವಾಗಿ ಹರಡಿತು. ಒಣಗಿದ ಹಕ್ಕಳೆ ಗಾಯ ಮಾಯುತ್ತಿರುವುದರ ಲಕ್ಷಣವೆಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಅಂಚಿನಿಂದ ತೆವಳಿ ಬರುವ ಜೀವಕೋಶಗಳು ಆ ಒಣ ಪದರದ ಅಡಿಯಲ್ಲಿ ತೇವ ಹುಡುಕುತ್ತ ಆಳದ ದಾರಿ ಹಿಡಿಯಬೇಕಾಗುತ್ತದೆ. ಇಂದಿನ ಹೆಚ್ಚಿನ ಡ್ರೆಸಿಂಗ್‌ಗಳು ಈ ಒಂದು ಪ್ರಯೋಗದ ಮೇಲೆ ನಿಂತಿವೆ. ತೇವವೆಂದರೆ ಮಳೆನೀರಿನಲ್ಲಿ ನೆನೆಸುವುದಲ್ಲ: ಶುಚಿಯಾದ ಗಾಯಕ್ಕೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಅಂಟದ ಕಟ್ಟು ಹಾಕುವುದು, ಕಟ್ಟು ಒದ್ದೆಯಾದರೆ ಬದಲಿಸುವುದು.

ಅರಿಶಿನದ ವಿಚಾರಕ್ಕೆ ಬಂದರೆ, 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಗಾಯ ಮಾಯಿಸಲು ಅರಿಶಿನ ಬಳಸುವುದರ ಪೇಟೆಂಟ್ ದೊರೆತಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳ ಪುರಾವೆ ಒದಗಿಸಿ ಅದನ್ನು ಪ್ರಶ್ನಿಸಿತು, 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಗೆಲುವು ನ್ಯಾಯವಾದದ್ದು. ಆದರೆ ಅದರಿಂದ ಸಾಬೀತಾದದ್ದು ಈ ತಿಳಿವಳಿಕೆ ನಮ್ಮಲ್ಲಿ ಹಳೆಯದು ಎಂಬುದೇ ಹೊರತು, ಅಡುಗೆಮನೆಯ ಡಬ್ಬಿಯ ಪುಡಿ ಆಳವಾದ ಗಾಯಕ್ಕೆ ಸುರಕ್ಷಿತ ಎಂಬುದಲ್ಲ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಉರಿಯೂತ ತಗ್ಗಿಸುವುದನ್ನು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಮನುಷ್ಯರ ಗಾಯಗಳ ಮೇಲೆ ನಡೆದ ಒಳ್ಳೆಯ ಪರೀಕ್ಷೆಗಳು ಕಡಿಮೆ. ಕಮ್ಯುನಿಸ್ಟ್ ಗಿಡದ ಬಗ್ಗೆಯೂ ಬಹುಮಟ್ಟಿಗೆ ಇದೇ ಮಾತು. ವಿಯೆಟ್ನಾಮಿನಲ್ಲಿ ಅದೇ ಗಿಡದ ಎಲೆಯ ಸಾರವನ್ನು ಸಂಸ್ಕರಿಸಿ ಗಾಯ, ಸುಟ್ಟಗಾಯಗಳಿಗೆ ಔಷಧವಾಗಿ ಬಳಸಿದ್ದಾರೆ, ಅದು ಫೈಬ್ರೊಬ್ಲಾಸ್ಟ್‌ಗಳ ಬೆಳವಣಿಗೆಗೆ ನೆರವಾಗುವುದನ್ನೂ ಅಭ್ಯಸಿಸಿದ್ದಾರೆ. ಹಿರಿಯರ ಅನುಭವ ಸುಳ್ಳಲ್ಲ. ಆದರೆ ಸಂಸ್ಕರಿಸಿದ ಸಾರವೂ ಬೇಲಿಯಿಂದ ಕಿತ್ತು ಅಂಗೈಯಲ್ಲಿ ಉಜ್ಜಿದ ಸೊಪ್ಪೂ ಒಂದೇ ಅಲ್ಲ, ಏಕೆಂದರೆ ಸೊಪ್ಪಿನ ಜೊತೆ ಮಣ್ಣು ಗಾಯಕ್ಕೆ ಇಳಿಯುತ್ತದೆ, ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣುಗಳ ಬೀಜಕಗಳಿರುತ್ತವೆ. ಕಾಫಿ ಪುಡಿಯನ್ನು ಮಾತ್ರ ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಅದು ಗಾಯದೊಳಗೆ ಸಿಕ್ಕಿಕೊಂಡ ಕಸವಾಗಿ ಉಳಿಯುತ್ತದೆ, ಹೊಲಿಗೆ ಹಾಕುವ ವೈದ್ಯರು ಒಂದೊಂದೇ ಕಣವನ್ನು ಉಜ್ಜಿ ತೆಗೆಯಬೇಕಾಗುತ್ತದೆ.

ತೋಟದಲ್ಲಿ ಗಾಯವಾದಾಗ ಶುಚಿಯಾದ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ನಡುವೆ ತೆಗೆದು ನೋಡಬಾರದು. ರಕ್ತ ನಿಂತ ಮೇಲೆ ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಸುರಿದು ತೊಳೆಯಬೇಕು. ಮಣ್ಣು ತಾಗಿದ ಗಾಯವಾದರೆ, ಹಿಂದಿನ ಧನುರ್ವಾಯು ಚುಚ್ಚುಮದ್ದು ಐದು ವರ್ಷಕ್ಕಿಂತ ಹಳೆಯದಾಗಿದ್ದಲ್ಲಿ ಮತ್ತೆ ಹಾಕಿಸಬೇಕು. ಕೆಲಸಗಾರರ ಚುಚ್ಚುಮದ್ದಿನ ದಿನಾಂಕಗಳನ್ನು ಮಸ್ಟರ್ ಪುಸ್ತಕದಲ್ಲಿಯೇ ಬರೆದಿಡುವುದು ನಿಮ್ಮಂಥ ಮೇಲ್ವಿಚಾರಕರಿಂದ ಸುಲಭವಾಗಿ ಆಗುವ ಕೆಲಸ, ದಯವಿಟ್ಟು ಮಾಡಿ.

ಪ್ರಶ್ನೆ: ನನ್ನ ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿದೆ. ಪಾದದ ಅಡಿಯ ಹುಣ್ಣು ಐದು ತಿಂಗಳಿಂದ ಮಾಯುತ್ತಿಲ್ಲ. ದಿನವೂ ಡ್ರೆಸಿಂಗ್ ಮಾಡಿಸುತ್ತೇವೆ, ಬೇರೆ ಬೇರೆ ಮುಲಾಮು ಹಚ್ಚಿದ್ದೇವೆ. ನೋವಿಲ್ಲವೆಂದು ಅವರು ಮನೆಯೊಳಗೆಲ್ಲ ಓಡಾಡುತ್ತಾರೆ.
(ಗೃಹಿಣಿ, ಗೋಣಿಕೊಪ್ಪಲು)

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಲ್ಲಿಯೇ ಕಾರಣವಿದೆ. ನೋವಿಲ್ಲದಿರುವುದು ಇಲ್ಲಿ ಒಳ್ಳೆಯ ಲಕ್ಷಣವಲ್ಲ. ನರಗಳು ಮರಗಟ್ಟಿರುವುದರಿಂದ ಅವ್ವ ಪ್ರತಿ ಹೆಜ್ಜೆಗೂ ಆ ಹುಣ್ಣನ್ನು ತುಳಿಯುತ್ತಿದ್ದಾರೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಕುಷ್ಠರೋಗಿಗಳ ಪಾದಗಳನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಮಾಂಸ ತಾನಾಗಿ ಕೊಳೆಯುತ್ತಿಲ್ಲ, ನೋವು ತಿಳಿಯದ ಕಾಲಿನ ಮೇಲೆ ಮತ್ತೆ ಮತ್ತೆ ಬೀಳುವ ಒತ್ತಡವೇ ಹುಣ್ಣನ್ನು ಮಾಡುತ್ತದೆ ಎಂಬ ಅವರ ತಿಳಿವಳಿಕೆ ಇಂದು ಸಕ್ಕರೆ ಕಾಯಿಲೆಯವರ ಪಾದಗಳನ್ನು ಉಳಿಸುತ್ತಿದೆ.

ಇಂಥ ಗಾಯ ಉರಿಯೂತದ ಹಂತದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ದುರಸ್ತಿಗೆ ತಿರುಗಬೇಕಾದ ಮ್ಯಾಕ್ರೊಫೇಜ್‌ಗಳು ತಿರುಗುವುದಿಲ್ಲ, ಗಾಯದ ದ್ರವದಲ್ಲಿ ಪ್ರೋಟೀನ್ ಒಡೆಯುವ ಕಿಣ್ವಗಳು ತುಂಬಿ ಹೊಸ ಕೊಲಾಜನ್ನನ್ನೂ ಬೆಳವಣಿಗೆಯ ಅಂಶಗಳನ್ನೂ (ಜೀವಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನುಗಳನ್ನು) ಕರಗಿಸುತ್ತವೆ, ರೋಗಾಣುಗಳು ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಹಾಗಾಗಿ ಮುಲಾಮು ಬದಲಿಸುವುದರಿಂದ ಹೆಚ್ಚೇನೂ ಆಗುವುದಿಲ್ಲ. ಬೆಳವಣಿಗೆಯ ಅಂಶವನ್ನೇ ಜೆಲ್ ಆಗಿ ಹಚ್ಚುವ ಬೆಕಾಪ್ಲರ್ಮಿನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 1997ರಲ್ಲಿಯೇ ಅನುಮತಿ ದೊರೆತರೂ ಅದರ ಪ್ರಯೋಜನ ಸಾಧಾರಣವಾದದ್ದು. ಒತ್ತಡ ತೆಗೆಯುವುದು ಅದಕ್ಕಿಂತ ದೊಡ್ಡ ಔಷಧ. 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಪಾದ ಮತ್ತು ಕಾಲನ್ನು ಪೂರ್ತಿ ಅಪ್ಪಿಕೊಳ್ಳುವ, ರೋಗಿಯೇ ಬಿಚ್ಚಲಾಗದ ಪ್ಲಾಸ್ಟರ್ ಹಾಕಿದವರಲ್ಲಿ 89.5 ಶೇಕಡಾ ಮಂದಿಯ ಹುಣ್ಣು 12 ವಾರಗಳಲ್ಲಿ ಮಾಯಿತು. ಬಿಚ್ಚಬಹುದಾದ ಬೂಟು ಕೊಟ್ಟವರಲ್ಲಿ 65 ಶೇಕಡಾ ಮಾತ್ರ. ಬಿಚ್ಚಲು ಬರುವುದನ್ನು ಮನುಷ್ಯರು ಬಿಚ್ಚುತ್ತಾರೆ ಎಂಬುದೇ ಅವೆರಡರ ನಡುವಿನ ಮುಖ್ಯ ವ್ಯತ್ಯಾಸ.

ಆದರೆ ಪ್ಲಾಸ್ಟರ್ ಹಾಕುವ ಮೊದಲು ಕಾಲಿನ ರಕ್ತಸಂಚಾರವನ್ನೂ ಸೋಂಕು ಮೂಳೆಗೆ ಇಳಿದಿದೆಯೇ ಎಂಬುದನ್ನೂ ಪರೀಕ್ಷಿಸಲೇಬೇಕು, ರಕ್ತ ಹರಿಯದ ಕಾಲಿಗೆ ಅದು ಅಪಾಯಕರ. ಐದು ತಿಂಗಳು ಬಹಳ ದೀರ್ಘ ಕಾಲ. ಈ ವಾರವೇ ಅವ್ವನನ್ನು ಜಿಲ್ಲಾ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ, ಎಕ್ಸ್‌ರೇ ಮತ್ತು ಕಾಲಿನ ರಕ್ತದೊತ್ತಡದ ಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ಮೈಸೂರು ಅಥವಾ ಮಂಗಳೂರಿನ ರಕ್ತನಾಳ ತಜ್ಞರನ್ನು ಕಾಣಿರಿ. ಚಳಿಗೆ ಒಲೆಯ ಮುಂದೆ ಕಾಲು ಕಾಯಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಮರಗಟ್ಟಿದ ಪಾದಕ್ಕೆ ಸುಟ್ಟದ್ದೂ ತಿಳಿಯುವುದಿಲ್ಲವಾದ್ದರಿಂದ ಅದನ್ನು ಅವರು ಬಿಡಬೇಕು.

ಮುಂದಿನ ಎರಡು ಪತ್ರಗಳಿಗೆ ಒಟ್ಟಿಗೆ ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ಅಣ್ಣನಿಗೆ ಕುಡಿತದಿಂದ ಯಕೃತ್ತು ಗಟ್ಟಿಯಾಗಿದೆ, ಫೈಬ್ರೋಸಿಸ್ ಮೂರನೆಯ ಹಂತ ಎಂದಿದ್ದಾರೆ. ಇನ್ನು ಕುಡಿತ ಬಿಟ್ಟು ಏನು ಪ್ರಯೋಜನ ಎನ್ನುತ್ತಾನೆ. ಗಟ್ಟಿಯಾದದ್ದು ಮೃದುವಾಗುತ್ತದೆಯೇ?
(ಓದುಗರು, ಸೋಮವಾರಪೇಟೆ)

ಪ್ರಶ್ನೆ: ಮನೆಯ ಮಾಡಿನಲ್ಲಿ ಪಾರಿವಾಳ ಸಾಕಿದ್ದೇವೆ. ಹತ್ತಿದರೆ ಏದುಸಿರು, ಒಣಕೆಮ್ಮು ಬರುತ್ತದೆ. ಸ್ಕ್ಯಾನ್‌ನಲ್ಲಿ ಶ್ವಾಸಕೋಶದಲ್ಲಿ ನಾರು ಕಟ್ಟಿದೆ ಎಂದಿದ್ದಾರೆ. ಇದೂ ಗಾಯವೇ?
(ನಿವೃತ್ತ ಶಿಕ್ಷಕರು, ಕುಶಾಲನಗರ)

ಉತ್ತರ: ಹೌದು, ಎರಡೂ ಗಾಯಗಳೇ. ಚರ್ಮದ ಗಾಯ ಒಮ್ಮೆ ಆಗುತ್ತದೆ, ಮಾಯುತ್ತದೆ, ಮಯೊಫೈಬ್ರೊಬ್ಲಾಸ್ಟ್‌ಗಳು ಕೆಲಸ ಮುಗಿಸಿ ಸಾಯುತ್ತವೆ. ಅಂಗಾಂಗಗಳೊಳಗೆ ಗಾಯ ದಿನವೂ ಆಗುತ್ತಿದ್ದರೆ ಆ ಜೀವಕೋಶಗಳಿಗೆ ನಿಲ್ಲುವ ಆದೇಶ ಬರುವುದೇ ಇಲ್ಲ. ಅವು ಕೊಲಾಜನ್ ಸುರಿಯುತ್ತಲೇ ಇರುತ್ತವೆ, ಅಂಗ ಗಟ್ಟಿಯಾಗುತ್ತದೆ, ಗಟ್ಟಿಯಾದ ಅಂಗಾಂಶದ ಎಳೆತವೇ ಇನ್ನಷ್ಟು ಜೀವಕೋಶಗಳನ್ನು ಆ ಕೆಲಸಕ್ಕೆ ಹಚ್ಚುತ್ತದೆ. ಯಕೃತ್ತಿನಲ್ಲಿ ಈ ಕೆಲಸಕ್ಕೆ ಇಳಿಯುವುದು ಸ್ಟೆಲೇಟ್ ಎಂಬ ಜೀವಕೋಶಗಳು, ಸಾಮಾನ್ಯ ದಿನಗಳಲ್ಲಿ ಅವು ಎ ಜೀವಸತ್ವವನ್ನು ಕೂಡಿಟ್ಟುಕೊಂಡು ಸುಮ್ಮನಿರುತ್ತವೆ.

ಸೋಮವಾರಪೇಟೆಯ ಓದುಗರು ಅಣ್ಣನಿಗೆ ಇದನ್ನು ಓದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ. ಮನುಷ್ಯನ ಅಂಗಗಳಲ್ಲಿ ಯಕೃತ್ತಿನಷ್ಟು ಪುನರುತ್ಪತ್ತಿಯ ಶಕ್ತಿಯುಳ್ಳದ್ದು ಇನ್ನೊಂದಿಲ್ಲ. ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲು ತೆಗೆದರೂ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಅದು ಹಳೆಯ ತೂಕಕ್ಕೆ ಬರುತ್ತದೆ. ಈ ಪ್ರಯೋಗ 1931ರಷ್ಟು ಹಳೆಯದು. ಬದುಕಿರುವ ವ್ಯಕ್ತಿ ಇನ್ನೊಬ್ಬರಿಗೆ ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ದಾನ ಕೊಡಲು ಸಾಧ್ಯವಾಗಿರುವುದೂ ಇದೇ ಕಾರಣಕ್ಕೆ. ಗಟ್ಟಿಯಾದ ಯಕೃತ್ತು ಮೃದುವಾಗುವುದಿಲ್ಲವೆಂದು ಬಹಳ ಕಾಲ ನಂಬಲಾಗಿತ್ತು, ಆ ನಂಬಿಕೆ ಈಗ ಬಿದ್ದಿದೆ. ಹೆಪಟೈಟಿಸ್ ಬಿ ವೈರಸ್ಸನ್ನು ಟೆನೊಫೊವಿರ್ ಔಷಧದಿಂದ ಐದು ವರ್ಷ ಹತ್ತಿಕ್ಕಿದ 348 ರೋಗಿಗಳ ಯಕೃತ್ತಿನ ಚೂರನ್ನು ಮೊದಲು ಮತ್ತು ಆಮೇಲೆ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರಂಭದಲ್ಲಿ ಸಿರೋಸಿಸ್, ಅಂದರೆ ಯಕೃತ್ತು ಗಟ್ಟಿಯಾಗುವುದರ ಕೊನೆಯ ಹಂತ, ಇದ್ದ 96 ಮಂದಿಯಲ್ಲಿ 71 ಮಂದಿಗೆ ಐದು ವರ್ಷಗಳ ನಂತರ ಸಿರೋಸಿಸ್ ಉಳಿದಿರಲಿಲ್ಲ. ಅಲ್ಲಿ ಗಾಯ ಮಾಡುತ್ತಿದ್ದುದು ವೈರಸ್, ಇಲ್ಲಿ ಮದ್ಯ. ಗಾಯ ಮಾಡುವುದು ನಿಂತರೆ ನಾರು ಕರಗುವ ಅವಕಾಶ ತೆರೆಯುತ್ತದೆ ಎಂಬ ತತ್ವ ಒಂದೇ. ನಿಮ್ಮ ಅಣ್ಣನ ಮೂರನೆಯ ಹಂತ ಸಿರೋಸಿಸ್‌ಗೆ ಒಂದು ಮೆಟ್ಟಿಲು ಮುಂಚಿನದು. ಬಿಟ್ಟು ಪ್ರಯೋಜನವಿರುವ ಕಾಲ ಇದೇ. ಹಬ್ಬ, ಮದುವೆಗಳಲ್ಲಿ ಕುಡಿತ ಸಹಜವಾಗಿರುವ ನಮ್ಮ ಜಿಲ್ಲೆಯಲ್ಲಿ ಪೂರ್ತಿ ಬಿಡುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ, ಮನೆಯವರು ಅವರ ಮುಂದೆ ಗ್ಲಾಸು ಇಡದಿರುವುದೂ ಚಿಕಿತ್ಸೆಯ ಭಾಗವೇ. ಬಹಳ ವರ್ಷ ದಿನವೂ ಕುಡಿದವರು ಒಮ್ಮೆಲೇ ಬಿಟ್ಟಾಗ ನಡುಕ, ಭ್ರಮೆ, ಸೆಳವು ಬರಬಹುದಾದ್ದರಿಂದ ವೈದ್ಯರ ನೋಟದಲ್ಲಿಯೇ ಬಿಡಿಸಿರಿ.

ಶ್ವಾಸಕೋಶ ಅಷ್ಟು ಉದಾರವಾದ ಅಂಗವಲ್ಲ. ಕಾರಣ ತಿಳಿಯದೆ ನಾರುಗಟ್ಟುವ ಬಗೆಗೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ಪಡೆದ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಔಷಧಗಳು ಕಾಯಿಲೆಯ ಓಟವನ್ನು ನಿಧಾನಗೊಳಿಸುತ್ತವೆ, ಆದರೆ ಕಟ್ಟಿದ ನಾರನ್ನು ಕರಗಿಸುವುದಿಲ್ಲ. ಆದರೆ ಗುರುಗಳೇ, ನಿಮ್ಮ ಪತ್ರದಲ್ಲಿ ಪಾರಿವಾಳಗಳ ಉಲ್ಲೇಖ ನೋಡಿ ನಾನು ಬೇರೆಯ ದಿಕ್ಕಿನಲ್ಲಿ ಯೋಚಿಸುತ್ತಿದ್ದೇನೆ. ಹಕ್ಕಿಗಳ ಹಿಕ್ಕೆ ಮತ್ತು ಗರಿಯ ದೂಳು, ಬೂಷ್ಟು ಹಿಡಿದ ಹುಲ್ಲು ಮುಂತಾದವನ್ನು ವರ್ಷಗಟ್ಟಲೆ ಉಸಿರಾಡಿದಾಗ ಕೆಲವರ ಶ್ವಾಸಕೋಶ ಅದಕ್ಕೆ ಅತಿಯಾಗಿ ಪ್ರತಿಕ್ರಿಯಿಸಿ ಉರಿಯೂತಗೊಳ್ಳುತ್ತದೆ, ಕೊನೆಗೆ ನಾರುಗಟ್ಟುತ್ತದೆ. ಭಾರತದ 1,084 ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟವಾದ ನೋಂದಣಿ ಅಧ್ಯಯನದಲ್ಲಿ ಶ್ವಾಸಕೋಶದಲ್ಲಿ ಉರಿಯೂತ, ನಾರು ಉಂಟುಮಾಡುವ ಈ ಗುಂಪಿನ ಕಾಯಿಲೆಗಳಲ್ಲಿ 47.3 ಶೇಕಡಾ ಇದೇ ಬಗೆಯದಾಗಿತ್ತು. ಶ್ವಾಸಕೋಶ ತಜ್ಞರಿಗೆ ಪಾರಿವಾಳಗಳ ವಿಷಯವನ್ನು ನೀವು ಹೇಳಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ಹೇಳಿಲ್ಲವಾದರೆ ಕೂಡಲೇ ಹೇಳಿರಿ. ಅದೇ ಕಾರಣವೆಂದು ಖಚಿತವಾದರೆ ಹಕ್ಕಿಗಳನ್ನು ಮನೆಯಿಂದ ಕಳಿಸುವುದು, ಮಾಡನ್ನು ಬೇರೆಯವರಿಂದ ಪೂರ್ತಿ ಶುಚಿಗೊಳಿಸುವುದು ಮಾತ್ರೆಗಳಿಗಿಂತ ಮೊದಲು ಆಗಬೇಕಾದ ಚಿಕಿತ್ಸೆ. ಕಟ್ಟಿದ ನಾರು ಉಳಿಯಬಹುದು, ಉರಿಯೂತದ ಪಾಲು ಇಳಿಯುತ್ತದೆ.

ಪ್ರಶ್ನೆ: ಬಿಸಿನೀರು ಬಿದ್ದು ನನ್ನ ಮಗನ ಎದೆಯ ಮೇಲೆ ಆದ ಸುಟ್ಟ ಕಲೆಗೆ ಸ್ಟೆಮ್ ಸೆಲ್ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಚುಚ್ಚುಮದ್ದಿನಿಂದ ಹೊಸ ಚರ್ಮ ಬರಿಸುತ್ತೇವೆಂದು ನಗರದ ಒಂದು ಖಾಸಗಿ ಕೇಂದ್ರದವರು ಲಕ್ಷಗಟ್ಟಲೆ ಹಣ ಕೇಳಿದ್ದಾರೆ. ತೋಟದ ಸ್ವಲ್ಪ ಭಾಗ ಅಡವಿಟ್ಟಾದರೂ ಕೊಡಿಸೋಣವೆಂದಿದ್ದೇವೆ.
(ತಂದೆ, ವಿರಾಜಪೇಟೆ)

ಉತ್ತರ: ದಯವಿಟ್ಟು ಅಡವಿಡಬೇಡಿ. ಜೀವಕೋಶಗಳಿಂದ ಚರ್ಮ ಬೆಳೆಸುವುದು ಸುಳ್ಳಲ್ಲ, ಆದ್ದರಿಂದಲೇ ಇಂಥ ಮಾತು ನಂಬುವಂತೆ ಕೇಳಿಸುತ್ತದೆ. ಹೊರಚರ್ಮದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಹಾಳೆಯಾಗಿ ಬೆಳೆಸುವ ವಿಧಾನವನ್ನು 1975ರಲ್ಲಿ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಕಂಡುಹಿಡಿದರು. ತೀವ್ರವಾಗಿ ಸುಟ್ಟುಕೊಂಡ ಅನೇಕರ ಜೀವ ಅದರಿಂದ ಉಳಿದಿದೆ. ಅದೇ ದಾರಿಯಲ್ಲಿ ಮುಂದುವರಿದು, ಹುಟ್ಟಿನಿಂದಲೇ ಚರ್ಮ ಬೊಬ್ಬೆಯೆದ್ದು ಕಳಚುವ ಕಾಯಿಲೆಯಿದ್ದ ಏಳು ವರ್ಷದ ಬಾಲಕನ ಮೈಯ ಸುಮಾರು 80 ಶೇಕಡಾ ಭಾಗಕ್ಕೆ, ಅವನದೇ ಜೀವಕೋಶಗಳ ಜೀನ್ ಸರಿಪಡಿಸಿ ಬೆಳೆಸಿದ ಹೊರಚರ್ಮವನ್ನು ಜರ್ಮನಿಯಲ್ಲಿ ಹೊದಿಸಲಾಯಿತು. ಇಟಲಿಯ ಮಿಕೆಲೆ ಡೆ ಲೂಕಾ ಅವರ ತಂಡ 2017ರಲ್ಲಿ ಇದನ್ನು ಪ್ರಕಟಿಸಿತು. ನಮ್ಮ ನೆರೆಯ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಹಂದಿಯ ಪಿತ್ತಕೋಶದಿಂದ ತಯಾರಿಸಿದ ಗಾಯದ ಹೊದಿಕೆಗೆ 2023ರಲ್ಲಿ ದೇಶದ ಔಷಧ ನಿಯಂತ್ರಕರ ಅನುಮತಿ ದೊರೆತಿದೆ. ಇವೆಲ್ಲ ವರ್ಷಗಟ್ಟಲೆ ಪರೀಕ್ಷೆಗೆ ಒಳಪಟ್ಟವು, ತೆರೆದ ಗಾಯ ಮುಚ್ಚುವುದಕ್ಕಾಗಿ ಮಾಡಿದವು. ಮಾಯ್ದು ಗಟ್ಟಿಯಾದ ಕಲೆಯೊಳಕ್ಕೆ ಚುಚ್ಚಿ ಅದನ್ನು ರೋಮ, ಬೆವರುಗ್ರಂಥಿಗಳಿರುವ ಚರ್ಮವಾಗಿಸುವ ಚುಚ್ಚುಮದ್ದು ಪ್ರಪಂಚದ ಯಾವ ದೇಶದಲ್ಲಿಯೂ ಸಿದ್ಧವಾಗಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆಗಳು ಸಂಶೋಧನೆಯ ಹಂತದವು; ಅನುಮತಿ ಪಡೆದ ಪರೀಕ್ಷೆಯ ಹೊರಗೆ ಚಿಕಿತ್ಸೆಯೆಂದು ಮಾರುವಂತಿಲ್ಲ. ನಿಮ್ಮ ಮಗನ ಕಲೆ ಕೈ ಎತ್ತುವುದಕ್ಕೆ, ಕತ್ತು ತಿರುಗಿಸುವುದಕ್ಕೆ ಅಡ್ಡಿಯಾಗುತ್ತಿದೆಯೇ ಎಂಬುದನ್ನು ಮೊದಲು ಪ್ಲಾಸ್ಟಿಕ್ ಸರ್ಜನ್ ಒಬ್ಬರಿಗೆ ತೋರಿಸಿ. ಅಡ್ಡಿಯಾಗುತ್ತಿದ್ದರೆ ಬಿಗಿತ ಬಿಡಿಸಿ ಚರ್ಮದ ಕಸಿ ಮಾಡುವುದು, ಒತ್ತಡದ ಬಟ್ಟೆ ತೊಡಿಸುವುದು, ವ್ಯಾಯಾಮ ಇವು ಖಚಿತವಾದ ದಾರಿಗಳು. ಹುಡುಗ ಬೆಳೆದಂತೆ ಕಲೆ ಬೆಳೆಯುವುದಿಲ್ಲವಾದ್ದರಿಂದ ಬೆಳವಣಿಗೆಯ ವರ್ಷಗಳಲ್ಲಿ ಆಗಾಗ ತೋರಿಸುತ್ತಿರಬೇಕು. ಆ ಕೇಂದ್ರದವರು ಇದು ಸಂಶೋಧನೆಯೆಂದು ಹೇಳಿದರೆ, ಭಾರತದ ಕ್ಲಿನಿಕಲ್ ಪರೀಕ್ಷೆಗಳ ನೋಂದಣಿಯಲ್ಲಿ ಅದರ ಸಂಖ್ಯೆ ಯಾವುದೆಂದೂ ನೈತಿಕ ಸಮಿತಿಯ ಅನುಮತಿಪತ್ರ ಎಲ್ಲಿದೆಯೆಂದೂ ಲಿಖಿತವಾಗಿ ಕೇಳಿರಿ. ನೋಂದಾಯಿತ ಪರೀಕ್ಷೆಯಲ್ಲಿ ಪರೀಕ್ಷಿಸುತ್ತಿರುವ ಔಷಧಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ.